ಪರಮಾನಂದರಿಗೆ ಒಂದು ಮೆತ್ತನ್ನ ಸೀಟು

ಪರಮಾನಂದ ಅವರಿಗೆ ಲಾರಿ ಟ್ಯೂಬಿನ ವಾಲ್ವು ಚುಚ್ಚಿದ್ದು ದೀಪಾವಳಿ ಮುಗಿದ ಮರುವಾರ, ಆಲಮಟ್ಟಿ ಹಿನ್ನೀರಿನಲ್ಲಿ, ದಂಡೆಯಿಂದ ಐವತ್ತು ಮಾರು ಒಳಗೆ. ಎಲ್ಲಿ ಚುಚ್ಚಿತು ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುವವನಿಗೆ ವಾಲ್ವು ಎಲ್ಲಿ ಚುಚ್ಚಲು ಸಾಧ್ಯವೋ ಅಲ್ಲಿಯೇ ಚುಚ್ಚಿತು. ಅವರು ಅಷ್ಟೆತ್ತರ ಹಾರಿದ್ದನ್ನು ಕಂಡು, ಪಕ್ಕದ ಟ್ಯೂಬಿನಲ್ಲಿದ್ದ ಮಲ್ಲಣ್ಣ ದೊಡ್ಡ ಮೀನೇ ಬಿತ್ತೆಂದು ತಿಳಿದು ಕಾಲು ಬಡಿಯುತ್ತ ಹತ್ತಿರ ಬಂದ. ಬಂದು ನೋಡಿದರೆ ಗಾಳ ನೀರಿನಲ್ಲಿತ್ತು, ಮೀನು ಇರಲಿಲ್ಲ, ಪರಮಾನಂದ ಅರ್ಧ ನೀರಿನಲ್ಲಿದ್ದರು.

ಪರಮಾನಂದ ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಕ್ಲರ್ಕು. ಮಲ್ಲಣ್ಣ ಅದೇ ಸಾಲಿಯ ಸಿಪಾಯಿ. ಹಿನ್ನೀರಿನ ದಂಡೆಯ ಹಳ್ಳಿಯವನಾದ್ದರಿಂದ ಹಳೆಯ ಲಾರಿ ಟ್ಯೂಬಿಗೆ ಅಡ್ಡ ಹಲಗೆ ಕಟ್ಟಿ, ಕಾಲು ನೀರಿಗೆ ಇಳಿಬಿಟ್ಟು, ಗಾಳ ಹಾಕಿ ಕೂತುಕೊಳ್ಳುವುದು ಅವನ ಪ್ರತಿ ಆದಿತ್ಯವಾರದ ಕೆಲಸ. ಅದರ ಸುಖವನ್ನು ಅವನು ಹಾಜರಿ ಪುಸ್ತಕ ತಂದಾಗಲೊಮ್ಮೆ, ಚಹಾ ತಂದಾಗಲೊಮ್ಮೆ ಬಣ್ಣಿಸಿ ಬಣ್ಣಿಸಿ ಪರಮಾನಂದರ ತಲೆ ಕೆಡಿಸಿದ್ದ. ಜೊತೆಗೆ ಅವರ ಹೆಂಡತಿ ಕಾಶಿಬಾಯಿ ಇಂಡಿ ತಾಲೂಕಿನ ಅಗರಖೇಡದವಳು, ಭೀಮಾ ನದಿಯ ಮೀನು ತಿಂದು ಬೆಳೆದವಳು. ಬಾಗೇವಾಡಿಯ ಬಾಡಿಗೆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು, ತವರಿಗೆ ಹೋದಾಗ ಬಿಟ್ಟರೆ ಮೀನಿನ ಮುಖ ನೋಡಿರಲಿಲ್ಲ. ಒಂದು ಸಂಜೆ ಆಕೆ ಹಾಗಲಕಾಯಿ ಹೆಚ್ಚುತ್ತ, ಈ ಜನ್ಮಕ್ಕ ಇಷ್ಟೇ ಅಂತ ಕಾಣತೈತಿ ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಪರಮಾನಂದರ ಕಿವಿಗೆ ಬಿದ್ದಿತ್ತು.

ಮನೆ ಮಾಲಕರು ರೇವಪ್ಪ ಸಾವ್ಕಾರರು, ಅದೇ ಮನೆಯ ಇನ್ನೊಂದು ಭಾಗದಲ್ಲಿ ಇರುವವರು. ಮನೆ ಒಳ್ಳೆಯದು, ಸಾಲಿಗೆ ಹತ್ತಿರ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಷರತ್ತು ಒಂದೇ. ಮೀನು, ಮಾಂಸ, ಮೊಟ್ಟೆ ಹೊಸ್ತಿಲು ದಾಟಬಾರದು. ದಾಟಿದ ದಿನ ಬಾಡಿಗೆಯವರೂ ಹೊಸ್ತಿಲು ದಾಟಬೇಕು, ಆಚೆ ಕಡೆಗೆ. ಈ ಷರತ್ತಿಗೆ ಪರಮಾನಂದ ಎಷ್ಟು ಹೆದರಿದ್ದರೆಂದರೆ ಪೇಪರಿನಲ್ಲಿ ವಾರಭವಿಷ್ಯ ಓದುವಾಗ ತಮ್ಮದೇ ಆದ ಮೀನರಾಶಿಯನ್ನು ಬಾಯಿಬಿಟ್ಟು ಓದುತ್ತಿರಲಿಲ್ಲ. ಅಂಥವರು ಹೆಂಡತಿಗೂ ಹೇಳದೆ, ಇಂಗಳೇಶ್ವರದಲ್ಲಿ ಸಾಲಿಯ ಕೆಲಸವಿದೆ ಎಂದು ಸುಳ್ಳು ಹೇಳಿ ಹಿನ್ನೀರಿಗೆ ಹೋಗಿದ್ದರು. ಒಂದು ಒಳ್ಳೆಯ ಮೀನು ಸಿಕ್ಕರೆ ಮಲ್ಲಣ್ಣನ ಮನೆಗೆ ಕಾಶಿಬಾಯಿಯನ್ನು ಊಟಕ್ಕೆ ಕರೆದೊಯ್ಯುವುದು, ಆಗ ಹೇಳುವುದು ಎಂದು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು, ನಡುವೆ ವಾಲ್ವು ಬಂತು.

ದಂಡೆಗೆ ಬಂದು ಒದ್ದೆ ಪ್ಯಾಂಟು ಹಿಂಡುತ್ತ ಪರಮಾನಂದ ಗಂಭೀರವಾಗಿ ಯೋಚಿಸಿದರು. ಕೂತುಕೊಳ್ಳುವುದರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷದ ಸರ್ವಿಸು ಇತ್ತು. ಸಾಲಿಯಲ್ಲಿ ಅವರಷ್ಟು ಹೊತ್ತು, ಅವರಷ್ಟು ಅಲುಗಾಡದೆ ಕೂತವರು ಯಾರೂ ಇರಲಿಲ್ಲ. ಹಾಗಾಗಿ ತಪ್ಪು ತಮ್ಮದಲ್ಲ, ಸೀಟಿನದು ಎಂದು ತೀರ್ಮಾನಿಸಿದರು. ಮೀನು ಕೂತವರ ಸೀಟು ನೋಡಿ ಬರುವುದಿಲ್ಲ ಎಂದು ಮಲ್ಲಣ್ಣ ಹೇಳಿ ನೋಡಿದ. ಅದು ಸಿಪಾಯಿಯ ಮಾತು ಎಂದು ಪರಮಾನಂದ ತಳ್ಳಿಹಾಕಿದರು.

ಮರುದಿನ ಸಾಲಿ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಕಾಸಿಂಸಾಬನ ಪಂಕ್ಚರ್ ಅಂಗಡಿಗೆ ಹೋದರು. ಒಂದು ಟ್ಯೂಬು ಬೇಕು ಎಂದರು. ಯಾತಕ್ಕೆ ಎಂದು ಕಾಸಿಂಸಾಬ ಸಹಜವಾಗಿಯೇ ಕೇಳಿದ. ಮೀನು ಎಂಬ ಶಬ್ದ ತುಟಿಯ ತನಕ ಬಂದದ್ದನ್ನು ನುಂಗಿಕೊಂಡು ಪರಮಾನಂದ, "ಕುಂದರಾಕ," ಎಂದರು.

"ಟ್ಯೂಬಿನ ಮ್ಯಾಲೆ ಕುಂದರಾಕ?"

"ಹೌದು. ನಾಕೈದು ತಾಸು ಕುಂದರಬೇಕಾಗತೈತಿ. ಮೆತ್ತಗ ಇರಬೇಕು. ನಡುವ ಏನೂ ಒತ್ತಬಾರದು, ಅಲ್ಲೇ ತ್ರಾಸ ಐತಿ."

ಕಾಸಿಂಸಾಬ ಕೈಯಲ್ಲಿದ್ದ ಪಂಪು ಕೆಳಗಿಟ್ಟ. ಅತ್ತಿತ್ತ ನೋಡಿ ದನಿ ಇಳಿಸಿ ಕೇಳಿದ. "ಚುಚ್ಚಿದಂಗ ಆಗತೈತೇನ್ರಿ?"

"ನಿನ್ನೆ ಭಾಳ ಚುಚ್ಚಿತು."

"ರಕ್ತ?"

"ಒಂದಿಷ್ಟು ಬಂತು."

ಇವನಿಗೆ ಹೇಗೆ ತಿಳಿಯಿತೆಂದು ಪರಮಾನಂದರಿಗೆ ಆಶ್ಚರ್ಯವಾಯಿತು. ಹಗಲೆಲ್ಲ ಟ್ಯೂಬಿನ ನಡುವೆ ಬದುಕುವವನು, ವಾಲ್ವಿನ ಗುಣ ಬಲ್ಲ ಎಂದುಕೊಂಡರು. ಕಾಸಿಂಸಾಬ ಅವರನ್ನು ಒಳಗೆ ಕರೆದು, ನಾಚಿಕೆ ಪಡಬೇಡಿ, ನನಗೂ ಎರಡು ವರ್ಷ ಇತ್ತು ಎಂದ. ಮೊದಲು ಊರಲ್ಲೇ ಅಲ್ಲಿ ಇಲ್ಲಿ ಹೋಗುತ್ತಿದ್ದನಂತೆ, ಏನೂ ಪ್ರಯೋಜನವಾಗಲಿಲ್ಲವಂತೆ; ಕಡೆಗೆ ಮುದ್ದೇಬಿಹಾಳಕ್ಕೆ ಹೋದ ಮೇಲೆ ಸುಖ ಕಂಡನಂತೆ. ಮುದ್ದೇಬಿಹಾಳದ ಕಡೆ ಇನ್ನೊಂದು ಅಣೆಕಟ್ಟಿನ ಹಿನ್ನೀರು ಇರುವುದು ಪರಮಾನಂದರಿಗೆ ಗೊತ್ತಿತ್ತು. ಅಲ್ಲಿ ಮೀನು ಹೆಚ್ಚು ಇರಬೇಕು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಕಾಸಿಂಸಾಬ ಸ್ಕೂಟರಿನ ಸಣ್ಣ ಟ್ಯೂಬು ತೆಗೆದುಕೊಟ್ಟ, ಡಾಕ್ಟರರು ಹೇಳುವುದೂ ಇದನ್ನೇ ಎಂದ. ಇದರಲ್ಲಿ ಡಾಕ್ಟರು ಎಲ್ಲಿಂದ ಬಂದರೋ ಪರಮಾನಂದರಿಗೆ ತಿಳಿಯಲಿಲ್ಲ. ಇದು ತಮ್ಮ ಭಾರ ತಡೆಯುವುದಿಲ್ಲ, ಲಾರಿಯದೇ ಬೇಕು ಎಂದು ಹಟ ಹಿಡಿದರು. ಕಾಸಿಂಸಾಬನ ಕಣ್ಣು ತೇವವಾಯಿತು. ಕೂರಲು ಲಾರಿಯ ಟ್ಯೂಬೇ ಬೇಕೆಂದರೆ ಬೇನೆ ಎಷ್ಟು ದೊಡ್ಡದಿರಬೇಕು ಎಂದು ಅವನು ಅಂದಾಜು ಮಾಡಿದ. ಲಾರಿಯದನ್ನು ಕೊಟ್ಟು, ಸ್ಕೂಟರಿನದನ್ನು ಪುಕ್ಕಟೆ ಕೈಗಿಟ್ಟ.

"ಸಾವ್ಕಾರ್ರಿಗೆ ಮಾತ್ರ ಗೊತ್ತಾಗಬಾರದು," ಎಂದರು ಪರಮಾನಂದ.

"ಅಲ್ಲಾನ ಆಣಿ, ಯಾರಿಗೂ ಹೇಳಂಗಿಲ್ಲರಿ."

ಕಾಸಿಂಸಾಬ ಮಾತಿನ ಮನುಷ್ಯ. ಪಂಕ್ಚರ್ ತಿದ್ದಿಸಲು ಬಂದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಬಾಗೇವಾಡಿಯ ರಸ್ತೆಗಳು ಆಗ ಹೇಗಿದ್ದವೆಂದರೆ, ಆ ವಾರ ಪಂಕ್ಚರ್ ಆಗದವರು ಊರಲ್ಲಿ ಕಡಿಮೆ. ಹೀಗಾಗಿ ಕ್ಲರ್ಕು ಪರಮಾನಂದರಿಗೆ ಮೂಲವ್ಯಾಧಿ ಆಗಿದೆ, ಅದೂ ಲಾರಿ ಟ್ಯೂಬಿನಷ್ಟು ಆಗಿದೆ ಎಂಬ ಸುದ್ದಿ ಬುಧವಾರದೊಳಗೆ ಎಲ್ಲರಿಗೂ ಮುಟ್ಟಿತು. ಪರಮಾನಂದರೊಬ್ಬರಿಗೆ ಮುಟ್ಟಲಿಲ್ಲ. ಅಂಥ ಸುದ್ದಿಯನ್ನು ಆದವರಿಗೇ ಹೇಳುವುದು ಮರ್ಯಾದೆಯಲ್ಲ.

ಅವರಂತೂ ಸೀಟಿನ ಹಿಂದೆ ಬಿದ್ದಿದ್ದರು. ಹಿತ್ತಲಲ್ಲಿ ಬಾವಿಯ ಪಕ್ಕ ದನಗಳಿಗೆಂದು ಕಟ್ಟಿಸಿದ ಸಿಮೆಂಟಿನ ದೊಡ್ಡ ನೀರಿನ ಟಾಕಿ ಇತ್ತು. ಬೆಳಿಗ್ಗೆ ಜಳಕದ ನೆಪ ಮಾಡಿ ಟ್ಯೂಬನ್ನು ಅದರಲ್ಲಿ ತೇಲಿಬಿಟ್ಟು ದಿನಕ್ಕೊಂದು ಸೀಟು ಪರೀಕ್ಷೆ ಮಾಡತೊಡಗಿದರು. ಮೊದಲು ಹಲಗೆಯ ಮೇಲೆ ದಿಂಬು. ದಿಂಬು ನೀರು ಕುಡಿದು ಭಾರವಾಗಿ, ಆಮೇಲೆ ಮೂರು ದಿನ ಒಣಗಲಿಲ್ಲ. ಎರಡನೆಯದು ಕಾಲು ಕತ್ತರಿಸಿದ ಪ್ಲಾಸ್ಟಿಕ್ ಖುರ್ಚಿ. ಅದರಲ್ಲಿ ಕೂತು ಬೆನ್ನು ಒರಗಿಸಿದ ಕೂಡಲೇ ಪರಮಾನಂದರ ಪಾದಗಳು ಆಕಾಶಕ್ಕೂ ತಲೆ ಟಾಕಿಯ ತಳಕ್ಕೂ ಹೋದವು. ಮೂರನೆಯದು ಸೈಕಲ್ ಸೀಟು. ವಾಲ್ವಿಗೆ ಅಣ್ಣನೊಬ್ಬ ಇದ್ದರೆ ಅದು ಇದೇ ಎಂದು ಒಂದೇ ನಿಮಿಷದಲ್ಲಿ ಎದ್ದರು. ನಾಲ್ಕನೆಯದು ಗೋಣಿಚೀಲದ ಜೋಳಿಗೆ. ಟ್ಯೂಬಿನ ನಡುವೆ ಅದನ್ನು ತೊಟ್ಟಿಲಿನಂತೆ ಕಟ್ಟಿ ಕೂತರೆ ಮೊಣಕಾಲು ಗದ್ದಕ್ಕೆ ತಾಗಿದರೂ ಕೆಳಗೆ ಮೆತ್ತಗಿತ್ತು. ಸೊಂಟದ ತನಕ ನೀರಲ್ಲಿ ಕೂತು, ಕಣ್ಣು ಮುಚ್ಚಿ, ಅವರು ದೊಡ್ಡದಾಗಿ ಉಸಿರುಬಿಟ್ಟರು.

ಅದನ್ನು ಮಾಳಿಗೆಯ ಕಿಟಕಿಯಿಂದ ರೇವಪ್ಪ ನೋಡಿದರು. ಸಾವ್ಕಾರರು ಬಿರುಸು ಮಾತಿನವರಾದರೂ ಮನಸ್ಸು ಮೆತ್ತಗೆ. ಹೀಗೆ ತಣ್ಣೀರಲ್ಲಿ ಕೂತರೆ ಗುಣವಾಗದು ಎಂದು ಹೆಂಡತಿ ಶಂಕ್ರೆವ್ವನಿಗೆ ಹೇಳಿ, ಪಟಿಕ ಹಾಕಿದ ಬಿಸಿನೀರು ಒಂದು ಕೊಡ ಕಳಿಸಿದರು. ಪರಮಾನಂದ, ಕ್ಷೌರಿಕರು ಗಡ್ಡಕ್ಕೆ ಹಚ್ಚುವ ಪಟಿಕ ನೋಡಿ, ತಮ್ಮ ಗಡ್ಡ ಬೆಳೆದದ್ದನ್ನು ಸಾವ್ಕಾರರು ಹೀಗೆ ಸೂಚಿಸುತ್ತಿದ್ದಾರೆ ಎಂದು ನಾಚಿ, ಆ ನೀರಿನಲ್ಲಿ ಗಡ್ಡ ಮಾಡಿಕೊಂಡರು.

ಮಧ್ಯಾಹ್ನ ಶಂಕ್ರೆವ್ವ ತಾವೇ ಮಜ್ಜಿಗೆಯ ತಂಬಿಗೆ, ಎಳೆ ಮೂಲಂಗಿ ಹಿಡಿದು ಬಂದರು. ಖಾರ ಬಿಡಬೇಕು, ಬದನೆಕಾಯಿ ಮುಟ್ಟಬಾರದು ಎಂದು ಪರಮಾನಂದರಿಗೆ ಬುದ್ಧಿ ಹೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮೀನ ಮಾಂಸ ತಿನ್ನೋರಿಗೆ ಬರ್ತೈತಿ ಅಂತಾರ. ನಮ್ಮ ಮನ್ಯಾಗ ಇದ್ದೂ ನಿಮಗ ಹೆಂಗ ಬಂತೋ ಪರಮಾನಂದ್ರ," ಎಂದರು.

ಪರಮಾನಂದ ತಂಬಿಗೆಯನ್ನು ಕೆಳಗಿಟ್ಟರು. ಏನು ಬಂತು ಎಂದು ಕೇಳುವ ಧೈರ್ಯ ಇರಲಿಲ್ಲ. ಮೀನಿನ ಮಾತು ಬಂದಿದೆ, ಅಂದರೆ ಇವರಿಗೆ ಎಲ್ಲ ಗೊತ್ತಾಗಿದೆ. ಆದರೆ ಗೊತ್ತಾದವರು ಮನೆ ಬಿಡಿಸುವ ಬದಲು ಮಜ್ಜಿಗೆ ಯಾಕೆ ಕೊಡುತ್ತಾರೆ ಎಂಬುದು ಅವರಿಗೆ ಬಗೆಹರಿಯಲಿಲ್ಲ.

ಸಾಲಿಯಲ್ಲಿಯೂ ಅದೇ. ಹೆಡ್‌ಮಾಸ್ತರಾಗಿದ್ದ ರಾಜೇಶ್ವರಿ ಬಾಯಾರು ಅವರನ್ನು ಕೋಣೆಗೆ ಕರೆಸಿ, ನಿಲ್ಲಿಸಿಯೇ ಮಾತಾಡಿದರು. ಕೂತುಕೊಳ್ಳಿ ಎನ್ನಲು ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡದ್ದು ಪರಮಾನಂದರಿಗೆ ಕಾಣಿಸಿತು. ಇದನ್ನು ಮುಚ್ಚಿಟ್ಟುಕೊಂಡಷ್ಟು ಹೆಚ್ಚಾಗುತ್ತದೆ, ನನ್ನ ಯಜಮಾನರೂ ಹೀಗೇ ಮುಚ್ಚಿಟ್ಟು ಕಡೆಗೆ ಕತ್ತರಿಸಬೇಕಾಯಿತು, ಬೇಕಾದಷ್ಟು ರಜೆ ತೆಗೆದುಕೊಳ್ಳಿ ಎಂದು ಬಾಯಾರು ಗೋಡೆ ನೋಡುತ್ತ ಹೇಳಿದರು. ಏನು ಕತ್ತರಿಸಿದರು ಎಂದು ಪರಮಾನಂದ ಕೇಳಲಿಲ್ಲ. ಗಾಳದ ದಾರವೋ ನೌಕರಿಯೋ, ಎರಡರಲ್ಲಿ ಒಂದು ಇರಬೇಕು. ತಮ್ಮ ಜಾಗಕ್ಕೆ ಮರಳಿದಾಗ ಖುರ್ಚಿಯ ಮೇಲೆ ಯಾರೋ ಹತ್ತಿಯ ಗಾದಿ ಇಟ್ಟಿದ್ದರು. ಆ ಗಾದಿ ಟ್ಯೂಬಿಗೆ ಹೊಂದುತ್ತದೆಯೇ ಎಂದು ಅವರು ಗೇಣು ಹಾಕಿ ಅಳೆದರು. ಅಳೆಯುವುದನ್ನು ನೋಡಿ ಇಬ್ಬರು ಮಾಸ್ತರರು ಲೊಚಗುಟ್ಟಿ ಹೊರಗೆ ಹೋದರು.

ಕಾಶಿಬಾಯಿಗೆ ಸುದ್ದಿ ಮುಟ್ಟಿದ್ದು ಬಾವಿಕಟ್ಟೆಯಲ್ಲಿ, ಶಂಕ್ರೆವ್ವನ ಬಾಯಿಂದ. ಸಂಜೆ ಗಂಡ ಬರುತ್ತಲೇ ಆಕೆ ಮುಖ ತಿರುವಿಕೊಂಡು ಕೂತಿದ್ದಳು. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಾಕಿಗೆ ಗೊತ್ತಿಲ್ಲ, ಕಟ್ಟಿಕೊಂಡವಳ ಮುಂದೆ ಎಂಥ ನಾಚಿಕೆ ಎಂದು ಕೇಳಿದಳು. ಪರಮಾನಂದ ತಲೆ ತಗ್ಗಿಸಿ, ನಿನಗಾಗಿಯೇ ಮಾಡಿಕೊಂಡೆ, ಪೂರ್ತಿ ಆದ ಮೇಲೆ ತೋರಿಸೋಣ ಅಂತಿದ್ದೆ ಎಂದರು. ಕಾಶಿಬಾಯಿ ಅವರನ್ನು ಬಹಳ ಹೊತ್ತು ನೋಡಿದಳು. ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಅಗರಖೇಡಕ್ಕೆ ಫೋನ್ ಮಾಡಲು ಹೋದಳು.

ಶನಿವಾರದಿಂದ ಔಷಧಿಗಳು ಬರತೊಡಗಿದವು. ಅಗರಖೇಡದಿಂದ ಕಾಶಿಬಾಯಿಯ ತಮ್ಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುವರ್ಣಗಡ್ಡೆ ಕಳಿಸಿದ. ಮುದ್ದೇಬಿಹಾಳಕ್ಕೆ ಮದುವೆ ಮಾಡಿಕೊಟ್ಟಿದ್ದ ಪರಮಾನಂದರ ಮಗಳು ಯಾವುದೋ ಗಿಡದ ತೊಪ್ಪಲು ಕಳಿಸಿದಳು. ಸಿಂದಗಿ ಕಡೆಯ ಒಬ್ಬ ವೈದ್ಯರು ಕೊಟ್ಟದ್ದೆಂದು ರೇವಪ್ಪ ತಾವೇ ಒಂದು ಕರಿ ಪುಡಿಯ ಪೊಟ್ಟಣ ತಂದು, ತುಪ್ಪದಲ್ಲಿ ಕಲಸಿ ಉಂಡೆ ಮಾಡಿ, ಮುಂದೆ ಏನು ಮಾಡಬೇಕೆಂದು ಹೇಳಬೇಕಿಲ್ಲ, ನಿಮಗೆ ಗೊತ್ತಿದೆ ಎಂದು ಹೇಳಿ ಹೋದರು. ಪರಮಾನಂದರಿಗೆ ಗೊತ್ತಿರಲಿಲ್ಲ. ಉಂಡೆಯ ವಾಸನೆ ನೋಡಿದರು. ಅಂಥ ವಾಸನೆಯದನ್ನು ಮನುಷ್ಯರು ತಿನ್ನುವುದು ಸಾಧ್ಯವಿಲ್ಲ ಎನ್ನಿಸಿ, ಆದಿತ್ಯವಾರ ಅದನ್ನು ಗಾಳಕ್ಕೆ ಸಿಕ್ಕಿಸಿದರು. ಜೋಳಿಗೆಯ ಸೀಟಿನಲ್ಲಿ ಒಂದು ತಾಸು ಕೂರುವುದರೊಳಗೆ ಎರಡು ಸಣ್ಣ ಮೀನು ಬಿದ್ದವು, ಎರಡೂ ಕಾಲು ಜೋಮು ಹಿಡಿದು ಮರಗಟ್ಟಿದವು. ಮಲ್ಲಣ್ಣ ಅವರನ್ನು ಟ್ಯೂಬಿನಿಂದ ಕಿತ್ತು ತೆಗೆದು ದಂಡೆಯ ಮೇಲೆ ಒಣಹಾಕಿದ. ಇಷ್ಟು ಸಣ್ಣ ಮೀನು ತೋರಿಸಿದರೆ ಕಾಶಿಬಾಯಿ ನಕ್ಕಾಳು ಎಂದು ಅವನ್ನು ಮಲ್ಲಣ್ಣನಿಗೇ ಕೊಟ್ಟರು.

ಸೋಮವಾರ ಪರಮಾನಂದ ಕಾಲು ಅಗಲಿಸಿ, ಅಡಿಗೊಮ್ಮೆ ನಿಂತು ಸಾಲಿಗೆ ಹೋಗುವುದನ್ನು ಇಡೀ ಓಣಿ ನೋಡಿತು. ಇನ್ನು ತಡೆಯಲಾಗದು ಎಂದು ರೇವಪ್ಪ ನಿರ್ಧರಿಸಿದರು. ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಜೀಪು ನಿಂತಿತು. ಹಿಂದಿನ ಸೀಟಿಗೆ ಎರಡು ದಿಂಬು ಹಾಕಿಸಿ, ಪರಮಾನಂದರನ್ನು ಗಾಜಿನ ಸಾಮಾನಿನಂತೆ ಕೂರಿಸಿ, ತಾವು ಪಕ್ಕದಲ್ಲಿ ಕೂತು, ಬಿಜಾಪುರಕ್ಕೆ ನಡಿ ಎಂದು ಡ್ರೈವರನಿಗೆ ಹೇಳಿದರು. ಕಾಶಿಬಾಯಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ತಮ್ಮನ್ನು ಎಲ್ಲಿಗೆ ಒಯ್ಯುತ್ತಾರೆ, ಸಾಮಾನು ಯಾವಾಗ ಹೊರಗೆ ಹಾಕುತ್ತಾರೆ ಎಂದು ಪರಮಾನಂದ ಲೆಕ್ಕ ಹಾಕುತ್ತ ಕೂತರು. ಊರು ದಾಟಿದ ಮೇಲೆ ಸಾವ್ಕಾರರು ಅವರ ಕಿವಿಯ ಹತ್ತಿರ ಬಾಗಿದರು.

"ಪರಮಾನಂದ್ರ, ನನಗ ಎಲ್ಲಾ ಗೊತ್ತಾಗೈತಿ."

"ತಪ್ಪಾತರಿ ಸಾವ್ಕಾರ್ರ."

"ತಪ್ಪೇನ ಬಂತು ಇದರಾಗ. ಯಾರರ ಬೇಕಂತ ಮಾಡ್ಕೋತಾರೇನು?" ರೇವಪ್ಪ ಡ್ರೈವರನ ಕಡೆ ನೋಡಿ ದನಿಯನ್ನು ಇನ್ನಷ್ಟು ಇಳಿಸಿದರು. "ನಂದೂ ಅದೇ ಐತಿ. ಹದಿನಾಕು ವರ್ಷ ಆತು. ಶಂಕ್ರೆವ್ವಗ ಸೈತ ಗೊತ್ತಿಲ್ಲ."

ಪರಮಾನಂದರಿಗೆ ಜೀಪು ಗಾಳಿಯಲ್ಲಿ ಹೋದಂತಾಯಿತು. ಸಾವ್ಕಾರರು ಹದಿನಾಲ್ಕು ವರ್ಷದಿಂದ ಮೀನು ಹಿಡಿಯುತ್ತಿದ್ದಾರೆ. ಮೆಲ್ಲಗೆ, ಎಲ್ಲೆಲ್ಲಿ ಎಂದು ಕೇಳಿದರು.

"ಎಲ್ಲೆಲ್ಲಿ ಅಂದ್ರ? ಹೊಲದಾಗ, ಬಸ್ಸಿನಾಗ, ಪುರಾಣ ಕೇಳಾಕ ಹೋದರ ಗುಡ್ಯಾಗ. ಕುಂತಲ್ಲೆ ಕುಂದರಾಕ ಬಿಡಂಗಿಲ್ಲ ಅದು."

ಹೊಲದ ಬಾವಿ ಇರಲಿ, ಗುಡಿಯ ಹೊಂಡವನ್ನೂ ಬಿಟ್ಟಿಲ್ಲವಲ್ಲ ಎಂದು ಪರಮಾನಂದ ದಂಗಾದರು. ಬಸ್ಸಿನದು ಮಾತ್ರ ತಿಳಿಯಲಿಲ್ಲ. ಅಷ್ಟರಲ್ಲಿ ರೇವಪ್ಪ, ಈ ಡಾಕ್ಟರು ದೊಡ್ಡವರು, ಅವರ ಮುಂದೆ ಏನೂ ಮುಚ್ಚಿಡಬೇಡಿ, ನಿಮಗೆ ಗುಣವಾದರೆ ನನಗೂ ಧೈರ್ಯ ಬರುತ್ತದೆ ಎಂದರು. ಕುಡಿಯುವುದು ಬಿಡಿಸುವ ಡಾಕ್ಟರರು ಇರುವ ಹಾಗೆ ಮೀನು ಹಿಡಿಯುವುದು ಬಿಡಿಸುವವರೂ ಇರಬಹುದು ಎಂದು ಪರಮಾನಂದ ಸಮಾಧಾನ ಮಾಡಿಕೊಂಡರು.

ಡಾಕ್ಟರ್ ಚೇತನಕುಮಾರ ಅವರ ಖಾಸಗಿ ದವಾಖಾನೆಯಲ್ಲಿ ರೇವಪ್ಪ ಪರದೆಯ ಆಚೆ ನಿಂತರು. ಅವರು ಎಲ್ಲಿ ಹೋದರೂ ನಿಲ್ಲುವುದೇ ಹೆಚ್ಚು ಎಂಬುದನ್ನು ಪರಮಾನಂದ ಮೊದಲ ಸಲ ಗಮನಿಸಿದರು. ಡಾಕ್ಟರು ಪೆನ್ನು ತೆಗೆದು, ಎಷ್ಟು ದಿನದಿಂದ ಎಂದರು. ಹತ್ತು ದಿನ ಎಂದರು ಪರಮಾನಂದ.

"ಎಷ್ಟು ಅದಾವ?"

"ಎರಡು. ಸಣ್ಣವು."

"ಒಳಗೋ, ಹೊರಗೋ?"

"ಮೊದಲ ಒಳಗ ಇದ್ದುವು. ಆಮ್ಯಾಲೆ ನಾನೇ ಹೊರಗ ತಗದೇರಿ."

ಪೆನ್ನು ನಿಂತಿತು. "ನೀವೇ? ಕೈಲೆ?"

"ಕೈಲೆ ಸಿಗಂಗಿಲ್ಲರಿ ಅವು. ಗಾಳ ಹಾಕಿ ಜಗ್ಗಿದೆ."

ಡಾಕ್ಟರು ಎದ್ದು ನಿಂತರು. ಇಷ್ಟು ವರ್ಷದ ವೃತ್ತಿಯಲ್ಲಿ ಹಳ್ಳಿಗರು ಮಾಡಿಕೊಂಡ ನಾನಾ ಔಷಧಿಗಳನ್ನು ಅವರು ಕೇಳಿದ್ದರು, ಇದನ್ನು ಕೇಳಿರಲಿಲ್ಲ. "ಜಗ್ಗಿ ಏನ ಮಾಡಿದ್ರಿ?"

"ಇನ್ನೂ ಒದ್ದಾಡಾಕತ್ತಿದ್ದುವು. ನಮ್ಮ ಸಾಲಿ ಸಿಪಾಯಿಗೆ ಕೊಟ್ಟೆ. ಅವನ ಹೆಂಡತಿ ಸಾರ ಮಾಡಿದಳಂತ."

ಡಾಕ್ಟರು ಕೂತು ಒಂದು ಗ್ಲಾಸು ನೀರು ಕುಡಿದರು. ಆಮೇಲೆ, ನೀವು ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಸಣ್ಣ ದನಿಯಲ್ಲಿ ಕೇಳಿದರು. ಮೀನಿನ ಬಗ್ಗೆ ಎಂದರು ಪರಮಾನಂದ. ಪರದೆ ಸರಿಸಿ ರೇವಪ್ಪ ಒಳಗೆ ಬಂದರು.

ಡಾಕ್ಟರೇ ಒಂದೊಂದು ಪ್ರಶ್ನೆ ಕೇಳಿ ಗಂಟು ಬಿಡಿಸಿದರು: ವಾಲ್ವು, ಟ್ಯೂಬು, ಸೀಟು, ಕಾಸಿಂಸಾಬ. ಬಿಡಿಸಿದಂತೆಲ್ಲ ರೇವಪ್ಪನ ಮುಖ ಕೆಂಪಾಗುತ್ತ ಹೋಯಿತು. ತಮ್ಮ ಮನೆಯಲ್ಲಿದ್ದು ಮೀನು ಹಿಡಿದ ಮನುಷ್ಯ ಎದುರಿಗಿದ್ದ. ಅವರು ಬಾಯಿ ತೆರೆದರು. ತೆರೆದ ಮೇಲೆ, ಜೀಪಿನಲ್ಲಿ ತಾವು ಹೇಳಿದ ಮಾತು ನೆನಪಾಗಿ ಹಾಗೆಯೇ ಮುಚ್ಚಿಕೊಂಡರು. ಪರಮಾನಂದರಿಗೂ ಆಗಲೇ ಬಸ್ಸಿನ ಸಂಗತಿ ಅರ್ಥವಾಯಿತು.

"ಹಂಗಾದರ ಇಲ್ಲಿ ಬ್ಯಾನಿ ಇರೋರು ಯಾರು?" ಎಂದು ಡಾಕ್ಟರು ಕೇಳಿದರು.

ರೇವಪ್ಪ ಫ್ಯಾನು ನೋಡುತ್ತ ನಿಂತರು. ಅವರ ಹಣೆಯಲ್ಲಿ ಬೆವರು ಕಂಡು ಪರಮಾನಂದರಿಗೆ ಯಾಕೋ ಕರುಳು ಚುರ್ ಎಂದಿತು. ಮನೆ ಹೋಗುವುದಂತೂ ಖಾತ್ರಿ ಎಂದು ಅವರಿಗೆ ಅನ್ನಿಸಿತ್ತು. ಹನ್ನೊಂದು ವರ್ಷ ಅನ್ನ ಬೇಯಿಸಿದ ಮನೆ, ಹೋಗುವಾಗ ಇಷ್ಟಾದರೂ ಮಾಡಬೇಕು ಎಂದುಕೊಂಡರು.

"ಡಾಕ್ಟರ್ರ, ನೋಡೋದು ಸಾವ್ಕಾರ್ರನ್ನ ನೋಡ್ರಿ. ಮಂದಿ ಮುಂದ ರೋಗಿ ನಾನೇ ಇರ್ತೇನಿ."

ಡಾಕ್ಟರು ರೇವಪ್ಪನನ್ನು ನೋಡಿ, ಇದು ಹದಿನಾಲ್ಕು ವರ್ಷ ಕಾಯಬಾರದಿತ್ತು, ನಾಳೆಯೇ ಕತ್ತರಿಸಬೇಕು ಎಂದರು. ದಾಖಲೆಯಲ್ಲಿ ಖರೇ ಹೆಸರೇ ಇರಬೇಕು, ಬಂದವರ ಮುಂದೆ ಮಂಚದ ಮೇಲೆ ಯಾರು ಮಲಗುತ್ತೀರೋ ನಿಮಗೆ ಬಿಟ್ಟದ್ದು ಎಂದೂ ಹೇಳಿದರು. ಆ ಸಂಜೆ ಬಿಡುವಾದಾಗ ಅವರೇ ಪರಮಾನಂದರನ್ನು ಕರೆದು ಸೀಟಿನ ವಿಚಾರ ಕೇಳಿದರು. ಜನ ಹೇಗೆ ಕೂತು ಕೆಡುತ್ತಾರೆ ಎಂಬುದರಲ್ಲಿ ಅವರಷ್ಟು ತಿಳಿದವರು ಜಿಲ್ಲೆಯಲ್ಲಿ ಇರಲಿಲ್ಲ. ಔಷಧಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದುಕೊಟ್ಟರು: ಭಾರ ಎರಡು ತೊಡೆಯ ಮೇಲೆ ಬೀಳುವಂತೆ ಎರಡು ಅಗಲ ಪಟ್ಟಿ, ನಡುವೆ ನಾಲ್ಕು ಬೆರಳು ಖಾಲಿ, ಬೆನ್ನಿಗೆ ನೆಟ್ಟಗಿನ ಒರಗು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಕೂಡದು. ಇಷ್ಟು ದಿನ ಹುಡುಕಿದ್ದು ಒಂದು ಚೀಟಿಯ ಮೇಲೆ ಸಿಕ್ಕಿತಲ್ಲ ಎಂದು ಪರಮಾನಂದ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ಆಪರೇಷನ್ ಆದ ಮರುದಿನ ಮಧ್ಯಾಹ್ನ ಬಾಗೇವಾಡಿಯಿಂದ ಜನ ಬಂದರು. ಕಾಶಿಬಾಯಿ, ಶಂಕ್ರೆವ್ವ, ರಾಜೇಶ್ವರಿ ಬಾಯಾರು, ಮಲ್ಲಣ್ಣ, ಕಾಸಿಂಸಾಬ. ಹೊರಗೆ ಜೀಪಿನ ಸಪ್ಪಳ ಕೇಳುತ್ತಲೇ ರೇವಪ್ಪ ಹಲ್ಲು ಕಚ್ಚಿ ಮಂಚದಿಂದ ಇಳಿದರು, ಪರಮಾನಂದ ಮಂಚವೇರಿ ಚಾದರ ಹೊದ್ದು ಮಲಗಿದರು. ಎಲ್ಲರೂ ಸುತ್ತ ನಿಂತು ಪರಮಾನಂದರ ಕೆಂಪು ಕೆಂಪಾದ ಆರೋಗ್ಯದ ಮುಖ ನೋಡಿ, ಎಷ್ಟು ಸೊರಗಿದ್ದಾರೆ ಎಂದು ಮರುಗಿದರು. ಪಕ್ಕದಲ್ಲಿ ಬಿಳಿಚಿಕೊಂಡು, ಗೋಡೆ ಹಿಡಿದು ನಿಂತಿದ್ದ ರೇವಪ್ಪನಿಗೆ ಶಂಕ್ರೆವ್ವ ಕಬ್ಬಿಣದ ಸ್ಟೂಲು ಸರಿಸಿ ಕೂತುಕೊಳ್ಳಿ ಎಂದು ಮೂರು ಸಲ ಹೇಳಿದರು.

"ಇವರು ಹಿಂಗ ನರಳಾಕತ್ತಾಗ ನಾ ಹೆಂಗ ಕುಂದರಲಿ," ಎಂದರು ರೇವಪ್ಪ. ಆ ಮಾತಿನಲ್ಲಿದ್ದ ಸಂಕಟ ಪೂರ್ತಿ ಖರೇ ಇದ್ದುದರಿಂದ ಕೇಳಿದವರ ಎದೆ ಕರಗಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕು ತಾಲೂಕು ಹುಡುಕಿದರೂ ಇಂಥ ಮನೆ ಮಾಲಕರು ಸಿಗುವುದಿಲ್ಲ ಎಂದು ಬಾಯಾರು ಹೇಳಿದರು. ನರಳುವುದನ್ನು ಮರೆತಿದ್ದ ಪರಮಾನಂದ ಅದು ನೆನಪಾಗಿ ಒಮ್ಮೆ ನರಳಿದರು.

ಅಷ್ಟರಲ್ಲಿ ನರ್ಸು ಸೂಜಿ ಹಿಡಿದು ಬಂದಳು. ರೋಗಿ ಯಾರೆಂದು ಬಲ್ಲವಳು, ಮಂಚದ ಮೇಲೆ ಬೇರೆಯವರನ್ನು ಕಂಡು ಗಲಿಬಿಲಿಗೊಂಡಳು. ಹಿಂದೆಯೇ ಬಂದ ಡಾಕ್ಟರು ಐದು ಜನರನ್ನು ನೋಡಿದರು, ಗೋಡೆ ಹಿಡಿದ ರೇವಪ್ಪನನ್ನು ನೋಡಿದರು, ಆಮೇಲೆ ನರ್ಸಿಗೆ ಅದು ಬೇಡ, ಶಕ್ತಿಯ ಸೂಜಿ ತಾ ಎಂದರು. ಶಕ್ತಿಯ ಸೂಜಿ ಮೊದಲಿನದಕ್ಕಿಂತ ಉದ್ದವಿತ್ತು. ಕಾಶಿಬಾಯಿ ಕಣ್ಣು ಮುಚ್ಚಿಕೊಂಡಳು. ಪರಮಾನಂದ ರೇವಪ್ಪನ ಮುಖ ನೋಡುತ್ತ ಮಗ್ಗಲಾದರು. ವಾಲ್ವು ಚುಚ್ಚಿದ ಜಾಗಕ್ಕಿಂತ ಎರಡು ಬೆರಳು ಮೇಲೆ ಸೂಜಿ ಚುಚ್ಚಿತು. ಆಗ ಅವರು ಕೂಗಿದ ಕೂಗಿಗೆ, ಇನ್ನೂ ಎಲ್ಲೋ ಅನುಮಾನವಿದ್ದವರ ಅನುಮಾನವೂ ಹೋಯಿತು.

ಜನ ಹೋದ ಮೇಲೆ ರೇವಪ್ಪ ಮಂಚ ಹತ್ತಿ ಬೋರಲು ಮಲಗಿದರು. ಕಡೆಗೆ ದಿಂಬಿನೊಳಗಿಂದಲೇ, ಒಳಗಿನ ಒಲೆಯ ಮೇಲೆ ಮಾತ್ರ ಬೇಡ, ಹಿತ್ತಲಲ್ಲಿ ಬಾವಿಯ ಆಚೆ ಮೂರು ಕಲ್ಲು ಇಟ್ಟುಕೊಳ್ಳಿ ಎಂದರು. ಪರಮಾನಂದರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಕಾಲು ಒತ್ತಿದರು.

ಡಾಕ್ಟರರ ಚೀಟಿಯಂತೆ ಕಾಸಿಂಸಾಬ ಹಳೆಯ ಬಸ್ಸಿನ ಸೀಟಿನ ರೆಕ್ಸಿನ್ ಕತ್ತರಿಸಿ, ಎರಡು ಪಟ್ಟಿ ಹೊಲಿಸಿ, ಒರಗು ಕಟ್ಟಿ ಲಾರಿ ಟ್ಯೂಬಿಗೆ ಬಿಗಿದುಕೊಟ್ಟ. ಆಪರೇಷನ್ ಆದವರು ಹಿಂಗೂ ಕುಂದರಬೇಕಾಗತೈತೇನೋ ಎಂದುಕೊಂಡು ಅವನು ಹೆಚ್ಚು ಕೇಳಲಿಲ್ಲ. ಊರಿಗೆ ಮರಳಿ ಒಂದು ವಾರ ಕಳೆದ ಮೇಲೆ ಬಂದ ಆದಿತ್ಯವಾರ ಪರಮಾನಂದ ಅದರಲ್ಲಿ ಕೂತರು. ಒತ್ತಲಿಲ್ಲ, ಚುಚ್ಚಲಿಲ್ಲ, ಕಾಲು ಜೋಮು ಹಿಡಿಯಲಿಲ್ಲ. ಸೀಟು ಎಷ್ಟು ಆರಾಮವಿತ್ತೆಂದರೆ ಹತ್ತು ನಿಮಿಷದಲ್ಲಿ ಅವರಿಗೆ ನಿದ್ದೆ ಬಂತು. ಗಾಳಿಗೆ ತೇಲುತ್ತ ಹೊರಟವರನ್ನು ಮಲ್ಲಣ್ಣ ಎರಡು ಸಲ ದಂಡೆಯ ಕಡೆ ಎಳೆದು ತಂದ. ಮೂರನೆಯ ಸಲ ಎಳೆಯಲು ಹೋದಾಗ ಅವರ ಗಾಳಕ್ಕೆ ಮೊಳದುದ್ದದ ಮೀನು ಬಿದ್ದು ಟ್ಯೂಬನ್ನೇ ಜಗ್ಗುತ್ತಿತ್ತು, ಪರಮಾನಂದ ಗೊರಕೆ ಹೊಡೆಯುತ್ತಿದ್ದರು.

ಸಂಜೆ ಬಾವಿಯ ಆಚೆ ಮೂರು ಕಲ್ಲಿನ ಮೇಲೆ ಕಾಶಿಬಾಯಿ ಗಡಿಗೆ ಇಟ್ಟಳು. ಅಷ್ಟು ಹೊತ್ತಿಗೆ ಆಕೆಗೆ ಎಲ್ಲ ಗೊತ್ತಾಗಿತ್ತು. ನಕ್ಕು ನಕ್ಕು ಕಣ್ಣೀರು ಬಂದದ್ದನ್ನು ಹೊಗೆಯ ಮೇಲೆ ಹಾಕಿದ್ದಳು. ಹುಳಿ ಕುದಿಯತೊಡಗಿದಾಗ ಗಾಳಿ ತಿರುಗಿತು. ಪಡಸಾಲೆಯಲ್ಲಿ ರೇವಪ್ಪ ಮಗ್ಗಲಾಗಿ ಮಲಗಿ, ಟಾವೆಲ್ಲು ಮೂಗಿಗೆ ಹಿಡಿದಿದ್ದರು. ಶಂಕ್ರೆವ್ವ ಅಡುಗೆಮನೆಯಿಂದ ಹೊರಗೆ ಬಂದು ನಾಲ್ಕು ಕಡೆ ಮೂಗು ತಿರುಗಿಸಿ, ಇದೆಂಥ ವಾಸನೆ ಎಂದು ಕೇಳಿದರು.

"ಪರಮಾನಂದಗ ಡಾಕ್ಟರ್ ಬರಕೊಟ್ಟ ಔಷಧ," ಎಂದರು ರೇವಪ್ಪ ಟಾವೆಲ್ಲಿನೊಳಗಿಂದ. "ಕುದಿಸಿದರ ಹಂಗ ಬರ್ತೈತಿ."

"ಪಾಪ. ಎಷ್ಟ ದಿವಸ ತಗೋಬೇಕಂತ?"

ರೇವಪ್ಪ ಉತ್ತರಕ್ಕೆ ತಡವರಿಸುತ್ತಿರುವಾಗ ಬಾವಿಯ ಆಚೆಯಿಂದ ಕಾಶಿಬಾಯಿಯ ದನಿ ಬಂತು.

"ವಾರಕ್ಕೊಮ್ಮಿರಿ ಅವ್ವಾರ. ಜೀವ ಇರೋತನಕ."